ಪತ್ತಾಯದ ಗಿಟಾರು

ನಮ್ಮ ಸಿದ್ದಪ್ಪ ಭಾವ ದುರಸ್ತಿಗೆ ಬಂದ ಮಿಕ್ಸಿಯನ್ನು ಮೊದಲು ಬಿಚ್ಚುತ್ತಿರಲಿಲ್ಲ, ಆಲಿಸುತ್ತಿದ್ದರು. ಜಾರು ಕೂರಿಸಿ, ಗುಂಡಿ ತಿರುಗಿಸಿ, ಮುಚ್ಚಳದ ಮೇಲೆ ಗದ್ದ ಊರಿ ಕಣ್ಣು ಮುಚ್ಚಿದರೆಂದರೆ, ಎದುರಿಗೆ ನಿಂತ ಗಿರಾಕಿ ಮನೆ, ಮಕ್ಕಳು, ಒಲೆಯ ಮೇಲಿಟ್ಟು ಬಂದ ಅನ್ನ ಎಲ್ಲವನ್ನೂ ಮರೆತು ಕಾಯಬೇಕು. ಹೊಸಬರು ಪಾಪ, ಈ ಮನುಷ್ಯನಿಗೆ ಹಲ್ಲುನೋವಿರಬೇಕು ಎಂದುಕೊಳ್ಳುತ್ತಿದ್ದರು. ಕೊನೆಗೆ ಭಾವ ಕಣ್ಣು ತೆರೆದು, ಆಪರೇಷನ್ ಕೋಣೆಯಿಂದ ಹೊರಗೆ ಬಂದ ಡಾಕ್ಟರ ಗಾಂಭೀರ್ಯದಲ್ಲಿ, "ಶ್ರುತಿ ಮೇಲಕ್ಕೆ ಹೋಗ್ಬುಟ್ಟದೆ. ಅರ್ಧ ಸ್ವರ ಇಳಿಸ್ಬೇಕು" ಎನ್ನುತ್ತಿದ್ದರು.

ಇಳಿಸಿಯೂ ಕೊಡುತ್ತಿದ್ದರು. ಆಮೇಲೆ ಆ ಮಿಕ್ಸಿ ಬಹಳ ಇಂಪಾಗಿ ಗುನುಗುತ್ತಿತ್ತು. ತೆಂಗಿನಕಾಯಿಯನ್ನು ಮಾತ್ರ ಅರೆಯುತ್ತಿರಲಿಲ್ಲ. ಪನಮರಂ ಪೇಟೆಯ ಸುತ್ತಮುತ್ತ ಇವತ್ತಿಗೂ ಯಾರ ಮನೆಯಲ್ಲಾದರೂ ಚಟ್ನಿ ತರಿತರಿಯಾಗಿದ್ದರೆ ಅದಕ್ಕೆ ಆ ಮನೆಯ ಹೆಂಗಸನ್ನು ದೂರಬಾರದು. ಅದು ನಮ್ಮ ಭಾವನ ಸಂಗೀತಜ್ಞಾನದ ಫಲ.

ಇಷ್ಟೆಲ್ಲ ಹೇಳುವ ಅಧಿಕಾರ ನನಗೆ ಹೇಗೆ ಬಂತೆಂದರೆ, ನಾನು ಅವರ ನಾದಿನಿ, ಅವರ ಹೆಂಡತಿ ಗೌರಕ್ಕನ ಸ್ವಂತ ತಂಗಿ. ಭಾವನನ್ನು ಆಡಿಕೊಳ್ಳದ ನಾದಿನಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಸಾಲದ್ದಕ್ಕೆ ನನ್ನ ಹೊಲಿಗೆ ಅಂಗಡಿ ಅವರ ಮಿಕ್ಸಿ ಅಂಗಡಿಗೆ ಒತ್ತಿಕೊಂಡೇ ಇದೆ. ನಡುವೆ ಒಂದು ಹಲಗೆಯ ಗೋಡೆ. ನಮ್ಮ ಹಿರಿಯರು ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ಗದ್ದೆ ಮಾಡಲು ಬಂದವರು, ಇಲ್ಲೇ ಉಳಿದರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಮಲಯಾಳ. ಭಾವ ಮಾತ್ರ ಹೊಸಿಲ ಮೇಲೆಯೇ ನಿಂತವರು. ಅವರ ಮಾತು ಕನ್ನಡದಲ್ಲಿ ಹೊರಟು ಮಲಯಾಳದಲ್ಲಿ ಇಳಿಯುತ್ತಿತ್ತು. ಪೇಟೆಯವರಿಗೆಲ್ಲ ಅವರು ಸಿದ್ದೇಟ್ಟನ್, ಎಂದರೆ ಸಿದ್ದಣ್ಣ.

ಮಿಕ್ಸಿ ಹೊಟ್ಟೆಪಾಡಿಗೆ. ಜೀವ ಇದ್ದದ್ದು ಗಾನಮೇಳದಲ್ಲಿ. ಬೇಬಿಚ್ಚನ್ ಎಂಬವರ ಗಾನಮೇಳದ ತಂಡದಲ್ಲಿ ಭಾವ ಮದುವೆಗೆ ಮುಂಚಿನಿಂದಲೂ ಬೇಸ್ ಗಿಟಾರು ನುಡಿಸುತ್ತಿದ್ದರು. ಬೇಸ್ ಗಿಟಾರು ಎಂದರೆ ನಾಲ್ಕು ದಪ್ಪ ತಂತಿಯ, ಉದ್ದ ಕುತ್ತಿಗೆಯ ಒಂದು ವಾದ್ಯ. ಅದನ್ನು ನುಡಿಸುವವನು ವೇದಿಕೆಯ ಹಿಂದಿನ ಸಾಲಿನಲ್ಲಿ, ಡ್ರಮ್ಮಿನ ಪಕ್ಕದಲ್ಲಿ, ಬಸ್ಸಿಗೆ ಕಾಯುವವನಂತೆ ನಿಂತಿರುತ್ತಾನೆ. ಹಾಡುಗಾರರಿಗೆ ಶಾಲು, ಕೀಬೋರ್ಡಿನವರಿಗೆ ಚಪ್ಪಾಳೆ, ತಬಲದವರಿಗೆ ಶಿಳ್ಳೆ. ಮೈಕ್ ಸೆಟ್ಟಿನವನಿಗೂ ಚಹಾ ಕೊಟ್ಟಾದ ಮೇಲೆ, ಫ್ಲಾಸ್ಕಿನಲ್ಲಿ ಉಳಿದಿದ್ದರೆ, ನಮ್ಮ ಭಾವನಿಗೆ.

ಇದನ್ನೆಲ್ಲ ಅವರು ಸಹಿಸಿಕೊಂಡಿದ್ದರು. ಸಹಿಸಲಾಗದೆ ಇದ್ದದ್ದು ಗೌರಕ್ಕನ ಕಿವಿ. ಅಕ್ಕ ಒಂದು ಕಾರ್ಯಕ್ರಮವನ್ನೂ ತಪ್ಪಿಸಿದವಳಲ್ಲ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಮೂರನೆಯ ಸಾಲಿನಲ್ಲಿ ಕೂತು, ಗಂಡನನ್ನು ಕಣ್ಣು ಮಿಟುಕಿಸದೆ ನೋಡಿ, ಮನೆಗೆ ಬಂದ ಮೇಲೆ ಅದೇ ಮಾತು.

"ಎಲ್ರೂ ನುಡಿಸ್ತಿದ್ರು. ನೀವ್ಯಾಕೆ ಸುಮ್ನೆ ನಿಂತಿದ್ರಿ?"

"ನಾನೂ ನುಡಿಸ್ತಿದ್ದೆ ಕಣೆ. ಎಲ್ಲಾರ ಕೆಳಗೆ ಒಂದು ಶಬ್ದ ಹೋಯ್ತದಲ್ಲ, ಅದು ನಂದು."

"ಕೆಳಗೆ ಜನರೇಟರ್ ಶಬ್ದ ಕೇಳಿಸ್ತು."

ಜನರೇಟರ್ ಎಂದ ದಿನ ಭಾವ ಊಟ ಬಿಟ್ಟರು. ಮರುದಿನ ಅಂಗಡಿಯಲ್ಲಿ ಹಲಗೆಗೋಡೆಯ ಸಂದಿನಿಂದ ನನ್ನನ್ನು ಕೇಳಿದರು: "ಅಮ್ಮಿ, ನಿಂಗಾದ್ರೂ ಕೇಳಿಸ್ತದಾ?" ಕೇಳಿಸುತ್ತದೆ ಎಂದೆ. ನಾದಿನಿಯಾದರೂ ಮನುಷ್ಯಳೇ ತಾನೆ. ಅವರು ನಂಬಲಿಲ್ಲ. ಊರು ಮೆಚ್ಚಬೇಕೆಂಬ ಆಸೆ ಅವರಿಗೆ ಇರಲೇ ಇಲ್ಲ ಎನ್ನಬಹುದು. ಹೆಂಡತಿಗೆ ಒಂದು ಸಲ, ಒಂದೇ ಒಂದು ಸಲ, ತನ್ನ ಗಿಟಾರು ಬೇರೆಯಾಗಿ ಕೇಳಿಸಬೇಕು. ಅಷ್ಟೇ ಅವರ ಮಹತ್ವಾಕಾಂಕ್ಷೆ.

ಹೀಗಿರುವಾಗ ಒಂದು ಮಳೆಗಾಲ ಅವರ ಹಳೆಯ ಗಿಟಾರು ತೀರಿಕೊಂಡಿತು. ಒಡಲು ಪ್ಲೈವುಡ್ಡಿನದು, ಥಂಡಿಗೆ ಉಬ್ಬಿ ಪದರಪದರವಾಗಿ ಬಿಟ್ಟುಕೊಂಡಿತು. ಬೇಬಿಚ್ಚನ್ ಒಳ್ಳೆಯವರು, ನೋವಾಗದ ಹಾಗೆ ನೋಯಿಸುವುದು ಅವರಿಗೆ ಗೊತ್ತು. "ಸಿದ್ದೇಟ್ಟಾ, ಬೇಸನ್ನು ನಾನು ಕೀಬೋರ್ಡಿನಲ್ಲಿ ಎಡಗೈಯಲ್ಲೇ ನುಡಿಸಿಕೊಳ್ಳುತ್ತೇನೆ, ನೀವು ವಿಶ್ರಾಂತಿ ತೆಗೆದುಕೊಳ್ಳಿ" ಎಂದರು. ಇಷ್ಟು ಕಾಲದ ದುಡಿಮೆ ಇನ್ನೊಬ್ಬನ ಎಡಗೈಗೆ ಸಮ ಎಂದು ಗೊತ್ತಾದರೆ ಯಾರಿಗೆ ತಾನೆ ವಿಶ್ರಾಂತಿ ಸಿಗುತ್ತದೆ? ಭಾವನ ಮುಖ ನೋಡಿ ಬೇಬಿಚ್ಚನ್ನರೇ ಮೆತ್ತಗಾಗಿ, ಪಯ್ಯಂಪಳ್ಳಿಯ ಚರ್ಚಿನ ಹಬ್ಬದ ಗಾನಮೇಳದ ಹೊತ್ತಿಗೆ ಹೊಸ ಗಿಟಾರು ತಂದರೆ ಜಾಗ ನಿಮ್ಮದೇ ಎಂದು ಮಾತು ಕೊಟ್ಟರು.

ಕೋಝಿಕ್ಕೋಡಿಗೆ ಹೋಗಿ ಒಂದು ಗಿಟಾರು ತರಬಹುದಿತ್ತು. ನೆಟ್ಟಗೆ ಮಾಡುವ ಕೆಲಸವನ್ನು ಭಾವ ಯಾವಾಗ ಮಾಡಿದ್ದರು?

"ಕಂಪನಿಯೋರು ಮಾಡಿದ್ದು ಕಂಪನಿಯೋರ ಹೆಂಡ್ತಿಗೆ ಕೇಳಿಸ್ಬೋದು. ನನ್ನ ಹೆಂಡ್ತಿಗೆ ಕೇಳಿಸ್ಬೇಕಾದ್ರೆ ನಾನೇ ಮಾಡ್ಬೇಕು. ಪಿನ್ನೆ?" ಎಂದರು. ಈ 'ಪಿನ್ನೆ' ಬಂದ ಮೇಲೆ ವಾದ ಮುಗಿಯಿತು ಎಂದರ್ಥ.

ಅಂದಿನಿಂದ ಅಂಗಡಿಗೆ ಭಾಗಗಳು ಬರತೊಡಗಿದವು. ಮಾನಂದವಾಡಿಯಲ್ಲಿ ಯಾರದೋ ಮನೆಯ ಅಟ್ಟದಿಂದ ಒಡಲಿಲ್ಲದ ಒಂದು ಕುತ್ತಿಗೆ ಬಂತು. ತಂತಿ ಬಿಗಿಯುವ ಬಿರಡೆಗಳಲ್ಲಿ ಮೂರು ಒಂದು ಜಾತಿಯವು; ನಾಲ್ಕನೆಯದು ಬೇರೆ ಕುಲದ್ದು, ಅದನ್ನು ಬಿಗಿಮಾಡಲು ಸಡಿಲ ಮಾಡುವ ಕಡೆಗೆ ತಿರುಗಿಸಬೇಕಿತ್ತು. ತಂತಿಯ ನಡುಕವನ್ನು ಹಿಡಿದು ಕರೆಂಟಿಗೆ ದಾಟಿಸುವ ಪಿಕಪ್ಪು ಎಂಬ ಕಪ್ಪು ಪಟ್ಟಿಗಳು ಎರಡು. ಒಂದು ಆನ್‌ಲೈನಿನಲ್ಲಿ ತರಿಸಿದ್ದು, ಇನ್ನೊಂದು ಹಳೆಯ ಗಿಟಾರಿನ ಹೆಣದಿಂದ ಕಿತ್ತದ್ದು. ಶಬ್ದ ಹೆಚ್ಚು ಕಡಿಮೆ ಮಾಡುವ ಗುಂಡಿ ಅಪ್ಪಟ ಮಿಕ್ಸಿಯದು. ಅದರ ಸುತ್ತ ಒಂದು, ಎರಡು, ಮೂರು ಎಂಬ ಅಂಕೆಗಳು ಹಾಗೇ ಇದ್ದವು. "ಮೂರಕ್ಕೆ ತಿರುಗಿಸಿದ್ರೆ ಕಡ್ಲೆಬೇಳೆ ಹಾಕ್ಬೋದಾ ಭಾವ?" ಎಂದು ಕೇಳಿದೆ. ಹೆಗಲಿಗೆ ಹಾಕುವ ಪಟ್ಟಿಯನ್ನು ಹೊಲಿದುಕೊಟ್ಟವಳು ನಾನೇ ಆದ್ದರಿಂದ ಅವರು ಅದನ್ನೂ ಸಹಿಸಿಕೊಂಡರು.

ಒಡಲಿಗೆ ಮರ ಬೇಕಾಯಿತು. ವೀಣೆಗೆ ಹಲಸು, ಮದ್ದಳೆಗೆ ಹಲಸು, ಹಾಗಾದರೆ ನನ್ನ ಗಿಟಾರಿಗೂ ಹಲಸೇ ಎಂದು ಭಾವ ತೀರ್ಮಾನಿಸಿದರು. ಚೆನ್ನಾಗಿ ಒಣಗಿದ ಹಲಸು ಎಲ್ಲಿದೆ ಎಂದು ಊರೆಲ್ಲ ಹುಡುಕಿ, ಕೊನೆಗೆ ಅದು ತಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಇದೆ ಎಂದು ಕಂಡುಕೊಂಡರು. ಗೌರಕ್ಕನ ಮದುವೆಗೆ ನಮ್ಮಪ್ಪ ಮಾಡಿಸಿ ಕೊಟ್ಟ ಪತ್ತಾಯ, ಭತ್ತ ತುಂಬುವ ಪೆಟ್ಟಿಗೆ. ಈಗ ಭತ್ತ ಗದ್ದೆಯಿಂದಲೇ ಲಾರಿ ಹತ್ತುತ್ತದೆ. ಪತ್ತಾಯದ ತುಂಬ ಸತ್ತ ಮಿಕ್ಸಿಗಳ ಮೋಟರು. ಅಕ್ಕ ಸಂತೆಗೆ ಹೋದ ದಿನ ಭಾವ ಅದರ ಮುಚ್ಚಳ ಬಿಚ್ಚಿ, ಆಟೋದಲ್ಲಿ ಹಾಕಿಕೊಂಡು, ಬಡಗಿ ವಾಸು ಆಶಾರಿಯ ಮನೆಗೆ ಒಯ್ದರು.

ಅಕ್ಕ ಬಂದು ನೋಡಿದಳು. ಅವಳು ಕೂಗಾಡುವವಳಲ್ಲ. ನೆಲದ ಮೇಲೆ ಕೂತು, ಬಾಯಿ ತೆರೆದ ಪತ್ತಾಯವನ್ನು ಸ್ವಲ್ಪ ಹೊತ್ತು ನೋಡಿ, "ನಮ್ಮಪ್ಪ ಕೊಟ್ಟಿದ್ದರಲ್ಲಿ ಉಳಿದಿದ್ದು ಅದೊಂದೇ ಆಗಿತ್ತು" ಎಂದಳು. ಭಾವನಿಗೆ ಆಗ ಹೊಳೆಯಿತು, ಹೆಂಡತಿಗೆ ಕೇಳಿಸುವ ಮುಂಚೆ ಹೆಂಡತಿಯನ್ನು ಕೇಳಬೇಕಾಗಿತ್ತು ಎಂದು. ಆದರೆ ಅಷ್ಟರಲ್ಲಿ ಮುಚ್ಚಳ ಗಿಟಾರಿನ ಆಕಾರಕ್ಕೆ ಬಂದಾಗಿತ್ತು.

ವಾಸು ಆಶಾರಿಯ ಬಗ್ಗೆ ಎರಡು ಮಾತು ಹೇಳಬೇಕು. ಬಡಗಿಕೆಲಸದಲ್ಲಿ ಅವರದು ಹಳೆಯ ಮನೆತನ. ಮನೆ, ಮಂಚ, ತೊಟ್ಟಿಲು, ದನದ ಕೊಟ್ಟಿಗೆ, ಏನೇ ಮಾಡಲಿ, ಸುತ್ತಳತೆಯನ್ನು ಅಳತೆಕೋಲಿನಿಂದ ಅಳೆದು, ಶಾಸ್ತ್ರದ ಲೆಕ್ಕ ಹಾಕಿ, ಅದು ಬಾಲ್ಯಕ್ಕೆ ಬೀಳುತ್ತದೋ, ಯೌವನಕ್ಕೋ, ಮುಪ್ಪಿಗೋ, ಮರಣಕ್ಕೋ ಎಂದು ನೋಡುತ್ತಾರೆ. ಮರಣಕ್ಕೆ ಬಿದ್ದರೆ ಉಳಿ ಮುಟ್ಟುವುದಿಲ್ಲ. ಭಾವ ಅವರಿಗೆ ರಟ್ಟಿನಲ್ಲಿ ಕತ್ತರಿಸಿದ ನಮೂನೆ ಕೊಟ್ಟು, ಕುತ್ತಿಗೆ ಎಲ್ಲಿ ಸೇರಬೇಕು, ತಂತಿಗಳ ಬುಡವನ್ನು ಹಿಡಿಯುವ ಬ್ರಿಡ್ಜು ಎಲ್ಲಿ ಕೂರಬೇಕು ಎಂದು ಗುರುತು ಹಾಕಿದ್ದರು. ಶಾಸ್ತ್ರದ ಮಾತು ಯಾರೂ ಎತ್ತಿರಲಿಲ್ಲ. ಗಿಟಾರಿಗೂ ಆಯುಷ್ಯ ಇದೆ ಎಂದು ನಮಗೇನು ಗೊತ್ತು?

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಒಡಲು ಬಂತು. ಅದಕ್ಕಿಂತ ಮುಂಚೆ ಕೆಲಸ ಮುಗಿಸಿ ಕೊಟ್ಟರೆ ಆಶಾರಿಯ ಮರ್ಯಾದೆಗೆ ಕಡಿಮೆ. ನೋಡಲು ಮಾತ್ರ ಬಹಳ ಚೆನ್ನಾಗಿತ್ತು, ಹಳದಿ ಬಣ್ಣ, ಅಂಚು ನುಣ್ಣಗೆ. ಹೆಗಲಿಗೇರಿಸಿದರೆ ಭಾವ ಎಡಕ್ಕೆ ವಾಲುವಷ್ಟು ಭಾರ. ಕುತ್ತಿಗೆ ಸೇರಿಸಿ, ತಂತಿ ಬಿಗಿದು, ಮಿಕ್ಸಿಯ ಗುಂಡಿಯನ್ನು ಎರಡಕ್ಕೆ ತಿರುಗಿಸಿ ಬಿಡಿತಂತಿಯನ್ನು ಮೀಟಿದರು. ಹಲಗೆಯ ಗೋಡೆ ನಡುಗಿತು. ಆಚೆ ನನ್ನ ಮೇಜಿನ ಮೇಲಿದ್ದ ಕತ್ತರಿ ಗುಂಯ್ ಎಂದಿತು. ಅಂಥ ತುಂಬಿದ ನಾದವನ್ನು ನಾನು ಕೇಳಿರಲಿಲ್ಲ. ಹೊಲಿಗೆ ಬಿಟ್ಟು ಎದ್ದು ಬಂದೆ. ಭಾವನ ಕಣ್ಣು ಒದ್ದೆಯಾಗಿತ್ತು.

ಆಮೇಲೆ ಕುತ್ತಿಗೆಯ ಮೆಟ್ಟುಗಳ ಮೇಲೆ ಬೆರಳಿಟ್ಟು ನುಡಿಸಿದರು. ಮೊದಲನೆಯ ಮೆಟ್ಟು ಸರಿ. ಎರಡು, ಮೂರು, ಅಡ್ಡಿಯಿಲ್ಲ. ಅಲ್ಲಿಂದ ಮೇಲೆ ಹೋದಂತೆ ಸ್ವರ ಒಂದೊಂದೇ ಕೂದಲು ಜಾರುತ್ತಾ ಜಾರುತ್ತಾ ಕುತ್ತಿಗೆಯ ನಡುಭಾಗಕ್ಕೆ ಬರುವಾಗ ಯಾವ ಶ್ರುತಿಗೂ ಸಂಬಂಧವಿಲ್ಲದ ಅನಾಥವಾಯಿತು. ಭಾವ ಟೇಪು ಹಿಡಿದು ಅಳೆದರು. ಬ್ರಿಡ್ಜು ಇರಬೇಕಾದ ಜಾಗಕ್ಕಿಂತ ಒಂದು ಹೆಬ್ಬೆರಳಿನಷ್ಟು ಹಿಂದೆ ಕೂತಿತ್ತು. ಕೂತದ್ದು ಬರೀ ಮೇಲೆ ಅಲ್ಲ, ಮರದಲ್ಲಿ ಕುಳಿ ತೋಡಿ, ಮನೆಯ ಕಂಬದಂತೆ ಭದ್ರವಾಗಿ ಕೂರಿಸಿದ್ದರು.

ನಾವಿಬ್ಬರೂ ಆಶಾರಿಯ ಮನೆಗೆ ಓಡಿದೆವು. ಆಶಾರಿ ವೀಳ್ಯ ಜಗಿಯುತ್ತಾ ಜಗಲಿಯಲ್ಲಿ ಕೂತಿದ್ದರು.

"ನಿಮ್ಮ ನಮೂನೆಯ ಅಳತೆ ಮರಣಕ್ಕೆ ಬಿದ್ದಿತ್ತು ಸಿದ್ದೇಟ್ಟಾ" ಎಂದರು ಮಲಯಾಳದಲ್ಲಿ, ಉಪಕಾರ ಮಾಡಿದವರ ಧ್ವನಿಯಲ್ಲಿ. "ಸ್ವಲ್ಪ ಉದ್ದ ಮಾಡಿ ಯೌವನಕ್ಕೆ ತಂದಿದ್ದೇನೆ."

"ಒಡಲು ಉದ್ದ ಮಾಡಿದ್ದು ಸರಿ. ಬ್ರಿಡ್ಜನ್ನು ಯಾಕೆ ಸರಿಸಿದಿರಿ?"

"ಮನೆ ಉದ್ದ ಮಾಡಿದ ಮೇಲೆ ಅಡುಗೆಮನೆ ಸರಿಯಬೇಡವೇ?"

ಭಾವ ಗೋಗರೆದರು. ಕುಳಿ ಮುಚ್ಚಿ ಇನ್ನೊಂದು ತೋಡಿಕೊಡಿ ಎಂದರು. ಈ ಕುಳಿಗೆ ಬೆಣೆ ಹೊಡೆದು ಅಂಟು ಒಣಗಲು ಎರಡು ದಿನ ಬೇಕು, ಅದೂ ಅಲ್ಲದೆ ಯೌವನದಲ್ಲಿರುವುದನ್ನು ಕೆಡಿಸಲು ನಾನು ಉಳಿ ಹಿಡಿಯುವುದಿಲ್ಲ ಎಂದು ಆಶಾರಿ ಪಿಚಕ್ಕನೆ ಉಗುಳಿದರು. ವಾಪಸು ಬರುವಾಗ ಭಾವ ಗಿಟಾರನ್ನು ಎದೆಗೆ ಅವಚಿಕೊಂಡು, "ಮೂರು ಮೆಟ್ಟು ಅದೆಯಲ್ಲ ಅಮ್ಮಿ. ಮತಿ, ಸಾಕು. ಅಷ್ಟ್ರಲ್ಲೇ ಸಂಸಾರ ಮಾಡ್ತೀನಿ" ಎಂದರು. ಅವರಿಗೆ ಇದ್ದ ಭಯ ಒಂದೇ. ನಾಳೆ ಎಡವಿದರೆ ಜಾಗ ಶಾಶ್ವತವಾಗಿ ಬೇಬಿಚ್ಚನ್ನರ ಎಡಗೈಗೆ.

ಪಯ್ಯಂಪಳ್ಳಿಯ ಮೈದಾನದಲ್ಲಿ ಆ ಸಂಜೆ ಅಕ್ಕನೂ ನಾನೂ ಮೂರನೆಯ ಸಾಲಿನಲ್ಲಿ ಕೂತೆವು. ಪತ್ತಾಯದ ಸಿಟ್ಟು ಅವಳಿಗಿನ್ನೂ ಇಳಿದಿರಲಿಲ್ಲ. ಆದರೂ ಒಳ್ಳೆಯ ಸೀರೆ ಉಟ್ಟಿದ್ದಳು. ಭಾವ ಎಡಕ್ಕೆ ವಾಲಿ ನಿಂತು, ಒಂದಾದ ಮೇಲೊಂದು ಹಾಡನ್ನು ಕೆಳಗಿನ ಮೂರು ಮೆಟ್ಟಿನಲ್ಲೇ ದಾಟಿಸಿದರು. ಪಕ್ಕದಲ್ಲಿ ಕೂತ ಹಿರಿಯರೊಬ್ಬರು, ಆ ಗಿಟಾರಿನವರು ಎಷ್ಟು ಸಂಯಮದಿಂದ ನುಡಿಸುತ್ತಾರೆ ನೋಡಿ ಎಂದು ಮೆಚ್ಚಿಕೊಂಡರು. ಮನೆಯ ಉಳಿದ ಕೋಣೆಗಳಿಗೆ ಬೀಗ ಬಿದ್ದವನು ಜಗಲಿಯಲ್ಲಿ ಕೂರುವುದಕ್ಕೂ ಸಂಯಮ ಎನ್ನಬಹುದಾದರೆ, ಹೌದು.

"ನೀನು ಕೇಳ್ತಿದೀಯಾ?" ಎಂದು ಅಕ್ಕನನ್ನು ಕೇಳಿದೆ.

"ಜನರೇಟರಾ?" ಎಂದಳು.

ಆಮೇಲೆ ಒಂದು ಹಳೆಯ ಓಣಂ ಹಾಡು ಬಂತು. ತಂಡ ಕಟ್ಟಿದ ದಿನದಿಂದ ಭಾವ ನುಡಿಸಿದ ಹಾಡು; ಅವರ ಕೈಗೆ ಅದು ಅವರಿಗಿಂತ ಚೆನ್ನಾಗಿ ಗೊತ್ತು. ಚರಣ ಮುಗಿದು ಪಲ್ಲವಿಗೆ ಮರಳುವಲ್ಲಿ ಬೇಸ್ ಒಂದು ಸಲ ಮೇಲಕ್ಕೆ ಹತ್ತಿ ಇಳಿಯಬೇಕು. ಭಾವ ಆ ಹೊತ್ತಿಗೆ ಮೈಮರೆತಿದ್ದರು. ಕೈ ತನ್ನಷ್ಟಕ್ಕೆ ಹತ್ತಿತು. ಹಾಡುಗಾರ್ತಿ, ಕೀಬೋರ್ಡು, ತಬಲ, ಇಡೀ ಮೇಳ ಒಂದು ದಾರಿಯಲ್ಲಿ ಹೋಗುತ್ತಿರುವಾಗ ಪತ್ತಾಯದ ಮುಚ್ಚಳ ಮಾತ್ರ ಗುಂ...ಯ್ ಎಂದು ಬೇರೆ ದಾರಿ ಹಿಡಿಯಿತು. ತಬಲದವರ ತಲೆ ಎದ್ದಿತು. ಬೇಬಿಚ್ಚನ್ ಕೀಬೋರ್ಡಿನಿಂದ ತಿರುಗಿ ನೋಡಿದರು. ಭಾವನ ಮುಖ ಬಿಳಿಚಿಕೊಂಡಿತು.

ಅಕ್ಕ ನನ್ನ ತೋಳು ಹಿಡಿದಳು. "ಅದಾ? ಆ ಗುಂಯ್ ಅಂದದ್ದು ಅವರ್ದಾ?"

"ಹೂಂ ಅಕ್ಕ. ಅವರ್ದೇ."

"ಕೇಳಿಸ್ತು ಕಣೆ" ಎಂದಳು. ಹಾಡು ಮುಗಿಯುವವರೆಗೂ ನನ್ನ ತೋಳು ಬಿಡಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಭಾವ ವೇದಿಕೆಯ ಹಿಂದೆ, ಪರದೆಯ ಮರೆಯಲ್ಲಿ, ಗಿಟಾರಿನ ಚೀಲದ ಜಿಪ್ಪನ್ನು ಹಾಕುವುದು ತೆಗೆಯುವುದು ಮಾಡುತ್ತಿದ್ದರು. ಬೇಬಿಚ್ಚನ್ ಪಕ್ಕದಲ್ಲಿ ನಿಂತು, ನೋವಾಗದ ಹಾಗೆ ಹೇಳುವ ಮಾತನ್ನು ಜೋಡಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಕ್ಕ ಹೋದಳು.

"ಇವತ್ತು ನಿಮ್ದು ಕೇಳಿಸ್ತು" ಎಂದಳು.

ಭಾವ ತಲೆಯೆತ್ತಲಿಲ್ಲ. "ನೀನೂ ಆಡ್ಕೋತೀಯಾ ಗೌರಿ?"

"ಆಡ್ಕೊಳ್ಳೋದಲ್ಲ. ಗುಂ...ಯ್ ಅಂದಿತಲ್ಲ, ಅದು. ನಮ್ಮಪ್ಪನ ಪತ್ತಾಯ ಮುಚ್ಚಿದ್ರೂ ಹಂಗೇ ಅಂತಿತ್ತು."

ಭಾವ ಅವಳನ್ನೇ ನೋಡಿದರು. ಅಕ್ಕ ಬೇಬಿಚ್ಚನ್ನರ ಕಡೆ ತಿರುಗಿ, ನನ್ನ ಮನೆಯ ಮರ ಅದು, ಚೆನ್ನಾಗಿ ಕೇಳಿಸಿತಲ್ಲವೇ ಎಂದು ಮಲಯಾಳದಲ್ಲಿ ಕೇಳಿದಳು. ಬೇಬಿಚ್ಚನ್ ಒಮ್ಮೆ ಅವಳ ಮುಖ, ಒಮ್ಮೆ ಭಾವನ ಮುಖ ನೋಡಿದರು. ಜೋಡಿಸಿಕೊಂಡಿದ್ದ ಮಾತನ್ನು ನುಂಗಿ, "ಕೇಳಿಸಿತು ಚೇಚಿ. ಎಲ್ಲರಿಗೂ ಕೇಳಿಸಿತು" ಎಂದರು. ಒಳ್ಳೆಯವರು ಎಂದು ಮೊದಲೇ ಹೇಳಿದೆನಲ್ಲ.

ಜಾಗ ಉಳಿಯಿತು. ಬ್ರಿಡ್ಜು ಸರಿಮಾಡಿಸುವ ಮಾತನ್ನು ನಾನು ಎತ್ತಿದಾಗಲೆಲ್ಲ ಭಾವ, "ಬ್ಯಾಡ ಕಣಮ್ಮಿ, ಮರಣಕ್ಕೆ ಬೀಳ್ತದಂತೆ" ಎಂದು ಆಶಾರಿಯ ಶಾಸ್ತ್ರದ ಹಿಂದೆ ಅಡಗಿಕೊಳ್ಳುತ್ತಿದ್ದರು. ಅಲ್ಲಿಂದ ಮುಂದೆ ಪ್ರತಿ ಗಾನಮೇಳದಲ್ಲಿ ಉಳಿದದ್ದೆಲ್ಲ ಮೂರು ಮೆಟ್ಟಿನ ಸಂಸಾರ. ಆ ಹಳೆಯ ಹಾಡಿನಲ್ಲಿ, ಅದೇ ಜಾಗದಲ್ಲಿ, ಒಂದು ಗುಂಯ್. ಅದಕ್ಕೆ ಸ್ವಲ್ಪ ಮುಂಚೆ ಭಾವ ಮೂರನೆಯ ಸಾಲನ್ನು ಹುಡುಕುತ್ತಿದ್ದರು. ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು. ಅಪಸ್ವರಕ್ಕೆ ಹೀಗೆ ಹೊತ್ತು ಗೊತ್ತು ಮಾಡಿಕೊಂಡು ಕಾಯುವ ದಂಪತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಮ್ಮೆ ತಿರುನೆಲ್ಲಿ ಕಡೆಯ ಒಂದು ಮದುವೆಯಲ್ಲಿ ಗಾನಮೇಳ. ಅಕ್ಕನಿಗೆ ಜ್ವರ, ನಾನೊಬ್ಬಳೇ ಹೋಗಿದ್ದೆ. ಆ ಹಾಡು ಬಂತು, ಆ ಜಾಗವೂ ಬಂತು. ಭಾವನ ಕೈ ಮೇಲಕ್ಕೆ ಹತ್ತಲಿಲ್ಲ. ಕೆಳಗೇ ಒಂದು ಸರಿಯಾದ ಸ್ವರ ಮೀಟಿ ಸುಮ್ಮನೆ ಮುಂದೆ ಹೋದರು. ವಾಪಸು ಬರುವ ಜೀಪಿನಲ್ಲಿ ಕೇಳಿದೆ: "ಏನು ಭಾವ, ಇವತ್ತು ತಪ್ಪು ಮಾಡೋದೇ ಮರೆತ್ರಾ?"

ಅವರು ಗಿಟಾರಿನ ಚೀಲದ ಮೇಲೆ ಗದ್ದ ಊರಿಕೊಂಡು ಹೊರಗೆ ನೋಡುತ್ತಾ, "ಯಾರಿದ್ರು ಕೇಳೋಕೆ?" ಎಂದರು.

 

ಹೋದ ಮಳೆಗಾಲದಲ್ಲಿ ಭಾವ ಹೋದರು. ಅಂಗಡಿಯಲ್ಲೇ, ಮಿಕ್ಸಿಯ ಮುಚ್ಚಳದ ಮೇಲೆ ಗದ್ದ ಊರಿದವರು ಮತ್ತೆ ಕಣ್ಣು ತೆರೆಯಲಿಲ್ಲ. ಎದುರಿಗೆ ನಿಂತಿದ್ದ ಗಿರಾಕಿ ಹಳಬರು, ಶ್ರುತಿ ನೋಡುತ್ತಿದ್ದಾರೆ ಎಂದು ಸ್ವಲ್ಪ ಹೊತ್ತು ಕಾದರಂತೆ. ಆಮೇಲೆ ಹಲಗೆ ತಟ್ಟಿ ನನ್ನನ್ನು ಕರೆದರು. ನಾನು ಹೋಗಿ ಮೊದಲು ಮಿಕ್ಸಿಯನ್ನು ಆರಿಸಿದೆ. ಮಣ್ಣು ಮಾಡುವ ದಿನ ವಾಸು ಆಶಾರಿಯೂ ಬಂದು, ಗೋಡೆಗೆ ಒರಗಿಸಿದ್ದ ಗಿಟಾರನ್ನು ಸವರಿ ನೋಡಿ ತಲೆಯಾಡಿಸಿದರು. ಅದರ ಯೌವನಕ್ಕೇನೂ ಆಗಿರಲಿಲ್ಲ. ಅಳತೆ ನೋಡಬೇಕಾಗಿದ್ದದ್ದು ಬೇರೆಯವರದು ಎನಿಸಿತು. 

ಈ ವರ್ಷದ ಹಬ್ಬಕ್ಕೆ ಮುಂಚೆ ಬೇಬಿಚ್ಚನ್ ಮನೆಗೆ ಬಂದು, ತಂಡಕ್ಕೆ ಹೊಸ ಹುಡುಗ ಸೇರಿದ್ದಾನೆ, ಸಿದ್ದೇಟ್ಟನ ನೆನಪಿಗೆ ಅದೇ ಗಿಟಾರನ್ನು ನುಡಿಸಬೇಕೆಂದಿದ್ದೇವೆ ಎಂದರು. ಸುಮ್ಮನೆ ಇಟ್ಟರೆ ಹುಳ ಬೀಳುತ್ತದೆ, ಒಯ್ಯಿರಿ ಎಂದು ಅಕ್ಕ ಕೊಟ್ಟಳು. ಬೇಬಿಚ್ಚನ್ ಮುತುವರ್ಜಿಯಿಂದ ಅದನ್ನು ಕೋಝಿಕ್ಕೋಡಿಗೆ ಕಳಿಸಿ, ಹಳೆಯ ಕುಳಿ ಮುಚ್ಚಿಸಿ, ಬ್ರಿಡ್ಜನ್ನು ಸರಿಯಾದ ಜಾಗಕ್ಕೆ ಕೂರಿಸಿ ತಂದರು. ದೊಡ್ಡ ಕೆಲಸವೇನಲ್ಲವಂತೆ.

ಪಯ್ಯಂಪಳ್ಳಿಯಲ್ಲಿ ನಾವು ಮೂರನೆಯ ಸಾಲಿನಲ್ಲೇ ಕೂತೆವು. ಹುಡುಗ ನೆಟ್ಟಗೆ ನಿಂತು, ಕುತ್ತಿಗೆಯ ಉದ್ದಕ್ಕೂ ಬೆರಳಾಡಿಸಿ, ಬಹಳ ಚೆನ್ನಾಗಿ ನುಡಿಸಿದ. ಆ ಹಳೆಯ ಹಾಡು ಬಂದಾಗ ಅಕ್ಕ ಸೆರಗು ಸರಿಮಾಡಿಕೊಂಡಳು.  ಚರಣ ಮುಗಿಯಿತು, ಹುಡುಗನ ಕೈ ಮೇಲಕ್ಕೆ ಹತ್ತಿತು, ಇಳಿಯಿತು, ಎಲ್ಲವೂ ಶ್ರುತಿಯಲ್ಲಿ. ಹಾಡು ಪಲ್ಲವಿಗೆ ಮರಳಿತು.

ಅಕ್ಕ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ನನ್ನ ಕಡೆ ತಿರುಗಿ, "ಇವನ್ದು ಕೇಳಿಸ್ತಾನೇ ಇಲ್ವಲ್ಲೇ" ಎಂದಳು.